ಬಂಡಮ್ಮನ ಸಣ್ಣ ಬಂದೂಕು

ಕಮಲಾಪುರದ ಬಂಡಮ್ಮನ ಗಂಡ ಕಾಶಿರಾಯ ಸತ್ತದ್ದು ಹಾಡಹಗಲು, ಬುತ್ತಿ ಬಿಚ್ಚುವ ಹೊತ್ತಿನಲ್ಲಿ. ತೊಂಬತ್ತೊಂದನೆಯ ಇಸವಿ. ಹಳ್ಳದ ದಂಡೆಯ ಕೆಂಪು ಬಾಳೆ ತೋಟದಲ್ಲಿ ಅವನು ಗುದ್ದಲಿ ಹಿಡಿದು ಬಾಳೆಯ ಮರಿಗಳನ್ನು ಕೀಳುತ್ತಿದ್ದ. ಬಂಡಮ್ಮ ಬಾವಿಯ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿ, ‘ಬರ್ರಿ, ಪಲ್ಯ ಆರ್ತದ’ ಎಂದು ಕೂಗಿದ್ದಳು. ಗಂಡ ಬರಲಿಲ್ಲ, ಹಂದಿ ಬಂತು.

ಒಣಗಿದ ಎಲೆಗಳ ರಾಶಿಯ ಒಳಗಿಂದ ಎದ್ದು ಬಂತು. ಕಾಡುಹಂದಿಯ ಓಟಕ್ಕೆ ಮುನ್ಸೂಚನೆ ಇರುವುದಿಲ್ಲ; ಕಲ್ಲು ಉರುಳಿದಂತೆ ನೆಲ ಹಿಡಿದು ಬರುತ್ತದೆ, ತಲೆ ಎತ್ತಿದಾಗಲೇ ಕೋರೆ ಕಾಣುವುದು. ಕಾಶಿರಾಯನ ತೊಡೆಯ ಸಂದಿಯಿಂದ ಹೊಕ್ಕುಳವರೆಗೆ ಒಂದೇ ಎಳೆತಕ್ಕೆ ಸೀಳಿತು. ಬಂಡಮ್ಮ ಓಡಿಬಂದು ಕುಡಗೋಲಿನಿಂದ ಅದರ ಬೆನ್ನಿಗೆ ಹೊಡೆದಳು. ಹಲಗೆಗೆ ಹೊಡೆದಂತೆ ಸದ್ದಾಯಿತು ಅಷ್ಟೆ. ಹಂದಿ ತಿರುಗಿ ಅವಳ ಬಲ ಹೆಗಲಿಗೆ ಗುದ್ದಿ ಬಾವಿಕಟ್ಟೆಗೆ ಒಗೆಯಿತು. ಕತ್ತಿನ ಕೆಳಗಿನ ಎಲುಬು ಮುರಿದ ಸಪ್ಪಳ ಅವಳ ಕಿವಿಗೇ ಕೇಳಿಸಿತು. ಅದು ಮತ್ತೆ ಕಾಶಿರಾಯನ ಕಡೆ ಹೋಗಿ, ಬಿದ್ದವನನ್ನು ಇನ್ನೆರಡು ಸಲ ಎತ್ತಿ ಹಾಕಿ, ತನಗೆ ಸಾಕೆನಿಸಿದ ಮೇಲೆ ಹಳ್ಳಕ್ಕೆ ಇಳಿಯಿತು. ಕಾಶಿರಾಯ ಎರಡೂ ಕೈಯಲ್ಲಿ ತನ್ನ ಕರುಳು ಹಿಡಿದುಕೊಂಡು, ‘ಬಂಡಿ, ಇದರ ಮ್ಯಾಲ ಮಣ್ಣು ಹತ್ಯಾದ ನೋಡು’ ಎಂದ. ಅದೇ ಅವನ ಕಡೆಯ ಮಾತು. ಅವನನ್ನು ಹೊತ್ತ ಎತ್ತಿನ ಗಾಡಿ ದೊಡ್ಡ ರಸ್ತೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಅವನು ಹೋದ ಮೇಲೆ ತೋಟಕ್ಕೆ ಆಳುಗಳು ಬರುವುದು ನಿಂತಿತು. ಹಂದಿಗಳು ಮಾತ್ರ ನಿಲ್ಲಲಿಲ್ಲ. ಬಾಳೆಯ ಬುಡ ಬಗೆದು ಗಡ್ಡೆ ತಿನ್ನುತ್ತಿದ್ದವು. ಒಂದು ಬೆಳಗಿಗೆ ಹತ್ತು ಹದಿನೈದು ಗಿಡ ಅಡ್ಡಬಿದ್ದಿರುತ್ತಿದ್ದವು. ತೋಟಕ್ಕೆ ಹೋದರೆ ಜೀವದ ಭಯ, ಹೋಗದಿದ್ದರೆ ತೋಟವೇ ಇರುವುದಿಲ್ಲ. ಮಕ್ಕಳಿಲ್ಲದ ಬಂಡಮ್ಮನಿಗೆ ಆ ತೋಟ ಬಿಟ್ಟರೆ ನಿಲ್ಲಲು ಬೇರೆ ನೆಲವಿರಲಿಲ್ಲ. ಹೆಗಲು ಕೂಡಿದ ಮೇಲೆ ಒಬ್ಬಳೇ ಹೋಗತೊಡಗಿದಳು. ಎಲೆ ಅಲುಗಿದರೆ ಸಾಕು, ಮೈಯೆಲ್ಲ ಬೆವರು. ಒಂದು ದಿನ ಹೆಗ್ಗಣ ಸರಿದ ಸದ್ದಿಗೆ ಮನೆಯವರೆಗೆ ಓಡಿಬಂದು ಬಾಗಿಲು ಹಾಕಿಕೊಂಡು ಕೂತಳು. ಅಂದೇ ತೀರ್ಮಾನ ಮಾಡಿದಳು: ಬಂದೂಕು ತರಬೇಕು.

ಲೈಸೆನ್ಸಿಗೆ ಎರಡು ವರ್ಷ ಓಡಾಡಿದಳು. ಕಚೇರಿಯ ಗುಮಾಸ್ತನೊಬ್ಬ ಕಾಗದ ತಿರುವಿ ನೋಡಿ, ‘ಹೆಣ್ಮಗಳಿಗಿ ಬಂದೂಕು ಯಾಕಬೇ?’ ಎಂದ.

‘ಹಂದಿ ಹಂಗ ಕೇಳಲಿಲ್ರಿ, ಗಂಡೋ ಹೆಣ್ಣೋ ಅಂತ’ ಎಂದಳು.

ತೊಂಬತ್ಮೂರರಲ್ಲಿ ಲೈಸೆನ್ಸು ಕೈಗೆ ಬಂತು. ಬಂದೂಕು ಕೊಳ್ಳಲು ಕಲಬುರಗಿಗೆ ಹೊರಟಾಗ ಮೈದುನ ದೇವಿಂದ್ರಪ್ಪನೂ ಬಸ್ಸು ಹತ್ತಿದ. ದೇವಿಂದ್ರಪ್ಪ ಕಾಶಿರಾಯನ ಬೆನ್ನಿಗೆ ಹುಟ್ಟಿದವನು. ಮೀಸೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ದಾರಿಯುದ್ದಕ್ಕೂ ಪಕ್ಕದವರಿಗೆಲ್ಲ ಕೇಳುವಂತೆ, ‘ಜೋಡು ನಳಿಗಿ ತರಾಕ ಹೊಂಟೀವಿ’ ಎಂದು ಹೇಳಿದ್ದೇ ಹೇಳಿದ್ದು.

ಗಂಜ್ ಪೇಟೆಯಿಂದ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಮುದುಕ ಬುರ್ಹಾನುದ್ದೀನನ ಅಂಗಡಿ. ಮುಂದೆ ಬೀಗ, ಚಾಕು, ಟಾರ್ಚು. ಹಿಂದೆ ಕಬ್ಬಿಣದ ಸಲಾಕಿಗಳ ಆಚೆ ಬಂದೂಕು. ಮುದುಕನ ಎಡಗೈಯಲ್ಲಿ ಮೂರೇ ಬೆರಳು. ದೇವಿಂದ್ರಪ್ಪ ಕೂರುವ ಮೊದಲೇ ಶುರು ಮಾಡಿದ.

‘ಸಾಹೇಬ್ರ, ಜೋಡು ನಳಿಗಿ ತೆಗೀರಿ. ಹನ್ನೆರಡು ಬೋರು. ಆನಿಗಿ ಹೊಡದ್ರೂ ಬೀಳಬೇಕು.’

‘ಕಮಲಾಪುರದಾಗ ಆನಿ ಯಾವಾಗಿಂದ ಬರಾಕತ್ತ್ಯಾವ, ಪೈಲ್ವಾನ್?’

‘ಮಾತಿಗಿ ಅಂದೆ ನಾ.’

‘ಬಂದೂಕು ಹಿಡಿಯೋರು ಯಾರು?’

‘ನಾನ್ರಿ’ ಎಂದಳು ಬಂಡಮ್ಮ.

‘ಮತ್ತ ನೀ ಸುಮ್ನ ಕೂಡು ಬೇಟಾ. ಮದುವಿ ಮೆರವಣಿಗಿಗಿ ಬೇಕಾದಾಗ ನಿನ್ನ ಕೇಳ್ತೀನಿ.’

ಬುರ್ಹಾನುದ್ದೀನ ಎರಡು ಬಂದೂಕು ತೆಗೆದು ಹಲಗೆಯ ಮೇಲೆ ಇಟ್ಟ. ಒಂದು ಹನ್ನೆರಡು ಬೋರಿನ ಜೋಡು ನಳಿಗೆ, ಎಮ್ಮೆಯ ಕಾಲಿನ ಹಾಗೆ ಕಪ್ಪಗೆ, ದಪ್ಪಗೆ. ಇನ್ನೊಂದು ಪಾಯಿಂಟ್ ಟೂ-ಟೂ, ಒಂಟಿ ನಳಿಗೆ, ಒಂದು ಸಲಕ್ಕೆ ಒಂದೇ ಗುಂಡು. ತೀರಿಹೋದ ಡಾಕ್ಟರೊಬ್ಬರದು, ಅವರ ಹೆಂಡತಿ ಮಾರಾಟಕ್ಕೆ ಬಿಟ್ಟುಹೋಗಿದ್ದು. ನಳಿಗೆಯ ತೂತಿನಲ್ಲಿ ಕಿರುಬೆರಳೂ ಹೋಗುವಂತಿರಲಿಲ್ಲ. ದೇವಿಂದ್ರಪ್ಪ ಅದನ್ನು ನೋಡಿ ನಕ್ಕೇಬಿಟ್ಟ.

‘ಇದು ಬಂದೂಕೇನ್ರಿ? ಹೋಳಿ ಹುಣ್ಣಿವಿ ಪಿಚಕಾರಿ ಇದ್ದಂಗದ.’

ಮುದುಕ ಒಳಗಿನ ಪರದೆಯ ಕಡೆ ಮುಖ ಮಾಡಿ ಚಹಾ ಎಂದು ಕೂಗಿದ. ಅವನ ಹೆಂಡತಿ ಜೈನಾಬಿ ಬಸಿಯಲ್ಲಿ ಕಪ್ಪಿಟ್ಟುಕೊಂಡು ತಂದಳು.

‘ಅವ್ವಾ, ದೊಡ್ಡದು ಎತ್ತು. ಗ್ವಾಡಿ ಮ್ಯಾಲಿನ ಮೊಳಿಗಿ ಗುರಿ ಹಿಡಿ. ನಾ ಚಾ ಕುಡಿಯೋ ತನಕ ಇಳಿಸಬ್ಯಾಡ.’

ಬಂಡಮ್ಮ ಎತ್ತಿದಳು. ಮುದುಕ ಆರಾಮಾಗಿ ಬಸಿಗೆ ಸುರಿದು ಊದಿ ಊದಿ ಕುಡಿಯುತ್ತಿದ್ದ. ಅರ್ಧ ಕಪ್ಪಿಗೇ ನಳಿಗೆಯ ಬಾಯಿ ನಡುಗಿತು, ಮೊಳೆಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಗಡಿಗೆಗೆ, ಗಡಿಗೆಯಿಂದ ದೇವಿಂದ್ರಪ್ಪನ ಮೊಣಕಾಲಿಗೆ ಇಳಿಯಿತು. ಅವನು ಕಾಲು ಮಡಿಚಿಕೊಂಡ. ಜೈನಾಬಿ ಹತ್ತಿರ ಬಂದು ಬಂಡಮ್ಮನ ಬಲ ಹೆಗಲ ಮೇಲೆ ಎರಡು ಬೆರಳು ಇಟ್ಟು ಮೆಲ್ಲಗೆ ಒತ್ತಿದಳು. ಬಂಡಮ್ಮ ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ಬಂತು.

‘ಹಡ್ಡಿ ಸರಿ ಕೂಡಿಲ್ಲ ಜೀ, ಎಲುಬು ಕೈಗಿ ಹತ್ತತದ’ ಎಂದಳು ಜೈನಾಬಿ.

‘ಕೇಳಿದ್ಯಾ ಅವ್ವಾ? ಹನ್ನೆರಡು ಬೋರು ಒಮ್ಮಿ ಹಿಂದಕ್ಕ ಒದ್ದರ ಅದೇ ಜಾಗಾ ಮತ್ತ ಮುರೀತದ. ಮೊದಲನೇ ಗುಂಡು ತಪ್ಪಿತಂದ್ರ ಎರಡನೇದು ಹೊಡಿಯೋ ಕೈ ಇರಂಗಿಲ್ಲ.’

ಆಮೇಲೆ ಸಣ್ಣದನ್ನು ಕೊಟ್ಟ. ಕಪ್ಪು ಮುಗಿಯಿತು, ಬಸಿ ಮುಗಿಯಿತು, ಮುದುಕ ಬೀಡಿಯನ್ನೂ ಹಚ್ಚಿದ. ನಳಿಗೆ ಮೊಳೆಯ ಮೇಲೆಯೇ ಇತ್ತು.

‘ಈಗ ಕೆಟ್ಟದ್ದು ಕೇಳು’ ಎಂದ ಬುರ್ಹಾನುದ್ದೀನ. ‘ಇದು ಮೊಲಾ, ಕೌಜಗಾ ಹೊಡಿಯೋದು. ಹಂದಿ ಹೆಗಲಿಗಿ ಹೊಡದರ ಸೂಜಿ ಚುಚ್ಚಿದಂಗ. ಸಿಟ್ಟು ಬರ್ತದ, ಸಾವು ಬರಂಗಿಲ್ಲ. ಇದರಿಂದ ಹಂದಿ ಸಾಯೋದು ಒಂದೇ ಕಡಿ, ಕಿವಿ ಹಿಂದ, ನಾಕು ಬೆಟ್ಟಿನ ಜಾಗಾ. ಅದೂ ನಿನ್ನ ಸೆರಗು ಚಾಚಿ ಒಗದರ ಮುಟ್ಟೋವಷ್ಟು ಹತ್ರ ಇದ್ದಾಗ. ಅಷ್ಟು ಹತ್ರ ನಿಲ್ಲಾಕ ಆಗಂಗಿಲ್ಲ ಅನ್ನೋದಾದ್ರ ಈಗೇ ಹೇಳು. ಹಂದಿ ಓಡಿಸಾಕ ಡಬ್ಬಿ ಬಡಕೋತ ಮನ್ಯಾಗ ಕೂಡು, ನಾ ಮಾರಂಗಿಲ್ಲ.’

‘ಅದಕ್ಕಿಂತ ಹತ್ರ ಬಂದಿತ್ರಿ ಚಾಚಾ’ ಎಂದಳು ಬಂಡಮ್ಮ.

ದೇವಿಂದ್ರಪ್ಪ ಸುಮ್ಮನಿರಲಾರದೆ, ‘ನಿಮ್ಮ ಬೆಟ್ಟು ಏನಾದ್ವು ಸಾಹೇಬ್ರ?’ ಎಂದು ಕೇಳಿದ.

‘ಹರೇದಾಗ ನಾನೂ ನಿನ್ನಂಗ ಇದ್ದೆ. ಆನಿ ಹೊಡೀಬೇಕಂತ ನಾಡ ಬಂದೂಕಿಗಿ ಮದ್ದು ಎರಡು ಪಾಲು ತುಂಬಿದ್ದೆ. ನಳಿಗಿ ಸೀಳಿತು. ಬೆಟ್ಟು ಎಲ್ಲಿ ಬಿದ್ವೋ ಹುಡುಕಲಿಲ್ಲ, ನಾಯಿ ತಿಂದಿರಬೇಕು.’

ಸಣ್ಣ ಬಂದೂಕಿನ ಜೊತೆ ಮುದುಕ ಇನ್ನೊಂದು ಬುದ್ಧಿ ಹೇಳಿ ಕಳಿಸಿದ: ಹಂದಿ ಸೀಳಿದವರು ಸಾಯುವುದು ರಕ್ತ ಹೋಗಿ; ಬರೀ ಬಂದೂಕು ಇಟ್ಟುಕೊಂಡರೆ ಸಾಲದು. ಅದಕ್ಕೆಂದೇ ಬಂಡಮ್ಮ ಗೋಣಿಬಟ್ಟೆಯ ಒಂದು ಚೀಲ ಹೊಲಿದಳು. ಒಗೆದು ಒಣಗಿಸಿದ ಹಳೆ ಸೀರೆಯ ಅರ್ಧ, ಒಂದು ಮೊಳದ ಬಿದಿರು ಕೋಲು, ಹಗ್ಗ, ಕಡ್ಡಿಪೆಟ್ಟಿಗೆ, ಬೆಲ್ಲದ ಗಟ್ಟಿ, ಪೊಲೀಸರು ಊದುವಂಥ ಒಂದು ಸೀಟಿ, ಸುಣ್ಣದ ಡಬ್ಬಿಯಲ್ಲಿ ಐದು ಗುಂಡು. ಅದಕ್ಕೆ ಆಪತ್ತಿನ ಚೀಲ ಎಂದು ಹೆಸರಿಟ್ಟಳು. ಬಂದೂಕು ಎಡ ಹೆಗಲಿಗೆ, ಚೀಲ ಸೊಂಟಕ್ಕೆ; ಹಾಗಿಲ್ಲದೆ ತೋಟದೊಳಗೆ ಕಾಲಿಡುತ್ತಿರಲಿಲ್ಲ. ಬಾಳೆಯ ದಿಂಡಿನ ಮೇಲೆ ಇದ್ದಿಲಿನಿಂದ ಹಂದಿಯ ಕಿವಿ ಬರೆದು ಗುರಿ ಕಲಿತಳು. ಮರುವರ್ಷದ ಮಳೆಗಾಲದಲ್ಲಿ ಹುಚ್ಚು ನಾಯಿಯೊಂದು ನೆರೆಹೊಲದ ಎರಡು ಆಡುಗಳ ಮುಸುಡಿ ಹರಿದು, ಜೊಲ್ಲು ಸುರಿಸುತ್ತ ಇವಳ ಬಾವಿಕಟ್ಟೆಗೆ ಬಂತು. ಬಂಡಮ್ಮ ಕದಲಲಿಲ್ಲ. ಎಂಟು ಹೆಜ್ಜೆಯವರೆಗೆ ಬರಲು ಬಿಟ್ಟು, ಎರಡು ಕಣ್ಣಿನ ನಡುವೆ ಹೊಡೆದಳು. ನಾಯಿ ಕುಂಯ್ ಎನ್ನಲಿಲ್ಲ. ಅಂದು ಊಟ ಸೇರಲಿಲ್ಲ ಅವಳಿಗೆ, ಆದರೆ ನಿದ್ದೆ ಬಂತು. ಮೂರು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ದೇವಿಂದ್ರಪ್ಪ ಮಾತ್ರ ಅತ್ತಿಗೆಯ ಮುಂದೆ ಮೀಸೆ ಇಳಿಸಲಿಲ್ಲ. ‘ನಾಯಿಗಿ ಸಾಕು ಬಿಡು ವೈನಿ. ಹಂದಿಗಿ ಇದು ತಿಗಣಿ ಕಡದಂಗ’ ಎನ್ನುತ್ತಿದ್ದ.

ಮುಂದಿನ ದಸರೆಯಲ್ಲಿ ಖಂಡೇಪೂಜೆ ಬಂತು. ಆ ಸೀಮೆಯ ಒಕ್ಕಲುತನದವರ ಮನೆಯಲ್ಲಿ ಅಂದು ಯಾವ ಹತಾರವೂ ಕೆಲಸ ಮಾಡುವುದಿಲ್ಲ. ಗುದ್ದಲಿ, ಕುಡಗೋಲು, ಕೊಡಲಿ ಎಲ್ಲ ಮೈ ತೊಳೆದುಕೊಂಡು ದೇವರ ಜಗಲಿಯ ಮುಂದೆ ಕೂರುತ್ತವೆ. ವರ್ಷವಿಡೀ ದುಡಿದವಕ್ಕೆ ಒಂದು ದಿನದ ಮರ್ಯಾದೆ. ಬಂಡಮ್ಮ ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದಳು. ಬಂದೂಕಿಗೂ ಬಳಿದಳು. ಆಗ ಅವಳ ಕಣ್ಣಿಗೆ ಸುಣ್ಣದ ಡಬ್ಬಿ ಬಿತ್ತು. ಬಂದೂಕಿಗೆ ಹಚ್ಚಿ ಗುಂಡಿಗೆ ಬಿಟ್ಟರೆ ಪಂಕ್ತಿಭೇದವಲ್ಲವೇ? ಕಾಯುವುದು ಕಟ್ಟಿಗೆಯೋ ಗುಂಡೋ? ಐದೂ ಗುಂಡು ಬಾಳೆಲೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಕಿರುಬೆರಳಿನಿಂದ ದಪ್ಪನಾಗಿ ಮೂರು ಪಟ್ಟೆ ವಿಭೂತಿ ಎಳೆದಳು, ನಡುವೆ ಕುಂಕುಮ. ಮದುಮಕ್ಕಳ ಹಾಗೆ ಕಂಡವು. ಒಣಗಿದ ಮೇಲೆ ಹಾಗೇ ಎತ್ತಿ ಡಬ್ಬಿಗೆ ಹಾಕಿದಳು. ಒರೆಸಿದರೆ ಪೂಜೆ ಮಾಡಿದ್ದು ಏನಾಯಿತು?

ಮರುದಿನ ಬನ್ನಿ ಮುಡಿಯುವ ಹಬ್ಬ. ಹೊತ್ತು ಒಂದು ಮಾರು ಏರಿದಾಗ ಬಾಗಿಲಿಗೆ ಕಟ್ಟಲು ಎರಡು ಬಾಳೆಗಿಡ ಬೇಕೆಂದು ದೇವಿಂದ್ರಪ್ಪ ಕೊಡಲಿ ಹಿಡಿದು ತೋಟಕ್ಕೆ ಬಂದ. ಹೊಸ ಧೋತರ, ಹಣೆಯ ತುಂಬ ವಿಭೂತಿ. ಬಂಡಮ್ಮ ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿದ್ದಳು.

‘ದೇವಿಂದ್ರಪ್ಪ, ಮುಂದ ಹೋಗಬ್ಯಾಡ. ನಾ ಮೊದಲ ನೋಡ್ತೀನಿ.’

‘ಹಬ್ಬದ ದಿನ ಹಂದೀನೂ ಊರಿಗಿ ಹೋಗಿರ್ತದ ತಗಿ, ವೈನಿ.’

ನಾಲೆಯ ಕೆಸರಿನಲ್ಲಿ ಮಲಗಿದ್ದ ಹಂದಿಯ ಮೇಲೆಯೇ ಅವನ ಕಾಲು ಬಿತ್ತು ಎನ್ನಬೇಕು. ಕೆಸರು ಎದ್ದು ನಿಂತಂತೆ ಆಯಿತು. ಕೊಡಲಿ ಎತ್ತುವಷ್ಟರಲ್ಲಿ ಕೋರೆ ಅವನ ತೊಡೆ ಹರಿದಿತ್ತು. ಬಿಳಿ ಧೋತರ ಒಂದೇ ಗಳಿಗೆಯಲ್ಲಿ ಕೆಂಪಾಯಿತು. ಕೊಡಲಿ ಎತ್ತಲೋ ಹಾರಿತು. ದೇವಿಂದ್ರಪ್ಪ ಹತ್ತಿರದ ಬಾಳೆಗಿಡವನ್ನು ತಬ್ಬಿ ಹತ್ತಲು ಹೋದ. ಬಾಳೆಗಿಡ ಎಂದಾದರೂ ಮನುಷ್ಯನ ಭಾರ ಹೊತ್ತಿದೆಯೇ? ಗೊನೆ ಸಮೇತ ಮುರಿದು ಅವನ ಮೇಲೆಯೇ ಬಿತ್ತು. ಹಂದಿ ಗಿಡವನ್ನೂ ಅವನನ್ನೂ ಕೂಡಿಯೇ ಗುದ್ದತೊಡಗಿತು.

‘ವೈನೀ! ಹೊಡೀ! ಹೊಡೀ ಯವ್ವಾ!’

ಬಂಡಮ್ಮ ಡಬ್ಬಿ ತೆರೆದು ಗುಂಡು ತೆಗೆದು ನಳಿಗೆಯ ಹಿಂಬದಿಗೆ ಇಟ್ಟು ದೂಡಿದಳು. ಗುಂಡು ಅರ್ಧಕ್ಕೆ ನಿಂತಿತು. ಹೆಬ್ಬೆರಳಿನಿಂದ ಒತ್ತಿದಳು, ಹೋಗಲಿಲ್ಲ. ಚಿಲಕ ಮುಂದೆ ದಬ್ಬಿದಳು, ಮುಚ್ಚಲಿಲ್ಲ. ಒಂದು ಉಸಿರಿನ ಹೊತ್ತು ಬಂದೂಕೇ ಕೆಟ್ಟಿತೆಂದುಕೊಂಡಳು. ಆಮೇಲೆ ಬೆರಳಿಗೆ ಹತ್ತಿದ ಬಿಳಿ ಪುಡಿ ಕಂಡಿತು. ಒಣಗಿದ ವಿಭೂತಿ ಗುಂಡಿಗೆ ಸುಣ್ಣದ ಗಾರೆಯ ಹಾಗೆ ಅಂಟಿ ಕೂತಿತ್ತು. ಉಗುರು ಹಾಕಿ ಗುಂಡು ಕಿತ್ತಳು. ಉಗುರು ಬುಡದಿಂದ ಸೀಳಿ ರಕ್ತ ಬಂತು. ಗುಂಡನ್ನು ಬಾಯಿಗೆ ಹಾಕಿಕೊಂಡು ನೆಕ್ಕಿ, ಸೆರಗಿಗೆ ತಿಕ್ಕಿ, ಮತ್ತೆ ಇಟ್ಟಳು. ಈ ಸಲ ಹೋಯಿತು.

ದೂರ ಇಪ್ಪತ್ತು ಹೆಜ್ಜೆ. ಇಲ್ಲಿಂದ ಹೊಡೆಯಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ದೇವಿಂದ್ರಪ್ಪನ ಕೂಗು ಕರುವಿನ ಕೂಗಾಗಿತ್ತು. ಕೈ ತಡೆಯಲಿಲ್ಲ, ಬೆರಳಿನಿಂದ ಬಂದೂಕಿನ ಕುದುರೆ ಎಳೆದಳು. ಗುಂಡು ಹಂದಿಯ ಹೆಗಲಿಗೆ ಬಿತ್ತು. ಹಂದಿ ತಲೆ ಎತ್ತಿ ಇವಳನ್ನು ನೋಡಿತು. ಮೂಗಿನ ತುದಿಯಿಂದ ಮನುಷ್ಯನ ರಕ್ತ ತೊಟ್ಟಿಕ್ಕುತ್ತಿತ್ತು. ಬರುತ್ತದೆ ಎಂದು ಬಂಡಮ್ಮ ಕಾಲು ಊರಿ ನಿಂತಳು. ಅದು ಬರಲಿಲ್ಲ. ತಲೆ ಕೊಡವಿ, ಮತ್ತೆ ದೇವಿಂದ್ರಪ್ಪನ ಕಡೆ ತಿರುಗಿತು.

ಮುದುಕ ಹೇಳಿಕೊಟ್ಟದ್ದು ಹಂದಿ ಹತ್ತಿರ ಬರುವವರೆಗೆ ನಿಲ್ಲುವುದನ್ನು. ಹಂದಿ ಬರದಿದ್ದರೆ ತಾನೇ ಹೋಗಬೇಕೆಂದು ಅವನು ಹೇಳಿರಲಿಲ್ಲ. ಬಂಡಮ್ಮ ಎರಡನೆಯ ಗುಂಡನ್ನು ಬಾಯಲ್ಲಿ ಹಾಕಿಕೊಂಡು ಚೀಪುತ್ತ ನಡೆಯತೊಡಗಿದಳು. ಬಾಯಿ ತುಂಬ ಬೂದಿ, ಅದರ ಹಿಂದೆ ಸೀಸದ ಕಹಿ. ಹತ್ತು ಹೆಜ್ಜೆ. ಹಂದಿಯ ಬೆನ್ನ ಕೂದಲು ಎದ್ದು ನಿಂತಿದ್ದವು. ಎಂಟು ಹೆಜ್ಜೆ. ಕಾಶಿರಾಯನನ್ನು ಕೊಂದ ಹಂದಿ ಇದೇ ಎಂದು ಊರವರು ಆಮೇಲೆ ಕಥೆ ಕಟ್ಟಿದರು. ಮುಖ ನೋಡಿ ಗುರುತು ಹಿಡಿಯುವ ಹೊತ್ತು ಅವಳಿಗಿರಲಿಲ್ಲ. ಕೆಳಗೆ ದೇವಿಂದ್ರಪ್ಪ ಎರಡೂ ಕೈಯಿಂದ ಅದರ ಮುಸುಡಿ ಹಿಡಿದಿದ್ದ. ಅಂಗೈಗಳು ಹರಿದು ತೊಗಲು ಜೋತಾಡುತ್ತಿತ್ತು. ಅವನೀಗ ಕೂಗುತ್ತಿರಲಿಲ್ಲ. ಬಂಡಮ್ಮ ಗುಂಡು ಉಗುಳಿ, ಒರೆಸಿ, ತುಂಬಿ, ಚಿಲಕ ಮುಚ್ಚಿ, ಬಾಗಿ, ನಳಿಗೆಯ ಬಾಯನ್ನು ಹಂದಿಯ ಕಿವಿಯ ಹಿಂದೆ ಇಟ್ಟಳು. ಕೂದಲಿನ ಬಿರುಸು ಬಂದೂಕಿನ ಕಟ್ಟಿಗೆಯಲ್ಲಿಯೂ ತಿಳಿಯಿತು. ಕುದುರೆ ಎಳೆದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಕಡ್ಡಿ ಮುರಿದಂತೆ ಚಟ್ ಎಂದಿತು. ಹಂದಿಯ ನಾಲ್ಕೂ ಕಾಲು ಒಮ್ಮೆಲೇ ಸೋತವು. ಇದ್ದಲ್ಲೇ ದೇವಿಂದ್ರಪ್ಪನ ಸೊಂಟದ ಮೇಲೆ ಕುಸಿಯಿತು. ಹಿಂಗಾಲು ಕೆಸರಿನಲ್ಲಿ ಇನ್ನೂ ಓಡುತ್ತಿತ್ತು. ಬಂಡಮ್ಮ ಮೂರನೆಯ ಗುಂಡು ತೆಗೆದಳು. ನೆಕ್ಕಿದಳು, ಒರೆಸಿದಳು, ತುಂಬಿದಳು, ಅದೇ ಜಾಗದಲ್ಲಿ ಹೊಡೆದಳು. ಕಾಲು ನಿಂತಿತು. ನಾಲ್ಕನೆಯದನ್ನೂ ನೆಕ್ಕಿ ಹೊಡೆದಳು. ಐದನೆಯದನ್ನೂ.

‘ವೈನಿ… ಸತ್ತದ… ಸಾಕು’ ಎಂದ ದೇವಿಂದ್ರಪ್ಪ ಕೆಳಗಿನಿಂದ.

‘ಸುಮ್ನಿರು’ ಎಂದು ಅವಳು ಖಾಲಿ ಡಬ್ಬಿಯನ್ನು ಇನ್ನೊಮ್ಮೆ ಅಲುಗಿಸಿ ನೋಡಿದಳು.

ಆಮೇಲೆ ಕೈ ತಾನಾಗಿ ಕೆಲಸ ಮಾಡಿತು. ಹಂದಿಯನ್ನು ಕಾಲಿನಿಂದ ಒದ್ದು ಉರುಳಿಸಿದಳು. ತೊಡೆಯ ಗಾಯದಲ್ಲಿ ಎಲುಬು ಕಾಣುತ್ತಿತ್ತು, ರಕ್ತ ಬುಗ್ಗೆಯಾಗಿ ಏಳುತ್ತಿತ್ತು. ಹಳೆ ಸೀರೆ ಸುತ್ತಿ, ಬಿದಿರು ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುವಿ ಕಟ್ಟಿದಳು. ದೇವಿಂದ್ರಪ್ಪ ನೋವಿಗೆ ಅವಳ ಅವ್ವ, ಅಪ್ಪ, ಏಳು ತಲೆಮಾರು ಎಲ್ಲವನ್ನೂ ಬೈದ. ಅವಳು ಅವನ ಬಾಯಿಗೆ ಬೆಲ್ಲದ ಗಟ್ಟಿ ತುರುಕಿ ಸೀಟಿ ಊದಿದಳು. ನೆರೆಹೊಲದ ಹುಸೇನ ಬಂಡಿ ಹೊಡೆದುಕೊಂಡು ಓಡಿಬಂದ. ಕಮಲಾಪುರದಿಂದ ಕಲಬುರಗಿಗೆ ಹೋಗುತ್ತಿದ್ದ ಜೀಪೊಂದಕ್ಕೆ ಕೈ ಅಡ್ಡಹಾಕಿ ದವಾಖಾನೆ ಮುಟ್ಟಿಸಿದರು. ದೇವಿಂದ್ರಪ್ಪ ಬದುಕಿದ. ತೊಡೆಯ ಮಾಂಸ ಅಂಗೈಯಷ್ಟು ಹೋಯಿತು, ಎಡಗಾಲು ಮಡಚದಂತಾಯಿತು.

ಹಂದಿ ಸತ್ತರೆ ಅದಕ್ಕೂ ಪಂಚನಾಮೆ. ಮೂರನೆಯ ದಿನ ಬಂಡಮ್ಮನನ್ನು ಠಾಣೆಗೆ ಕರೆಸಿದರು. ಬಂದೂಕನ್ನು ಮೇಜಿನ ಮೇಲೆ ಇಡಿಸಿಕೊಂಡು ಫೌಜದಾರರು ಬರೆಯತೊಡಗಿದರು.

‘ಎಷ್ಟು ಗುಂಡು ಹೊಡದಿ?’

‘ಐದ್ರಿ.’

‘ಹಂದಿ ಎಷ್ಟನೇದಕ್ಕ ಸತ್ತಿತು?’

‘ಎರಡನೇದಕ್ಕ್ರಿ.’

ಫೌಜದಾರರು ಪೆನ್ನು ಎತ್ತಿದರು. ‘ಮತ್ತ ಮೂರು ಯಾಕ ಹೊಡದಿ?’

ಬಂಡಮ್ಮ ಸೀಳಿದ ಉಗುರಿಗೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

‘ಅವು ಹಂದಿಗಲ್ರಿ ಸಾಹೇಬ್ರ, ನನ್ನ ಅಂಜಿಕಿಗಿ. ಅದು ಒಂದಕ್ಕ ಸಾಯಲಿಲ್ಲ.’

‘ಇದನ್ನ ಹ್ಯಾಂಗ ಬರೀಲಿ ನಾ?’

‘ಬರೀಬ್ಯಾಡ್ರಿ.’

ಅವರು ಬರೆಯಲಿಲ್ಲ. ಐದು ಗುಂಡು ಹಾರಿಸಿದ್ದಾಗಿಯೂ, ಪ್ರಾಣಿ ಸ್ಥಳದಲ್ಲೇ ಸತ್ತದ್ದಾಗಿಯೂ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಗದ ಮುಗಿಯುವವರೆಗೆ ಬಂದೂಕು ಠಾಣೆಯಲ್ಲೇ ಇರಬೇಕೆಂದರು. ಎಷ್ಟು ದಿನವೆಂದು ಅವರಿಗೂ ಗೊತ್ತಿರಲಿಲ್ಲ.

ಗೊನೆಗಳು ಅಷ್ಟು ದಿನ ಕಾಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಬಂಡಮ್ಮ ಕುಡಗೋಲು ಹಿಡಿದು ತೋಟಕ್ಕೆ ಹೊರಟಳು. ಬೇಲಿಯ ಹತ್ತಿರ ಮಹಾದೇವಮ್ಮ ಮತ್ತು ಇನ್ನೊಬ್ಬಳು, ಮೂರು ವರ್ಷದಿಂದ ಇತ್ತ ಮುಖ ಹಾಕದ ಆಳುಗಳು, ಬುತ್ತಿ ಕಟ್ಟಿಕೊಂಡು ನಿಂತಿದ್ದರು.

‘ಬಂದೂಕು ಎಲ್ಲಿ, ಅಕ್ಕಾ?’ ಎಂದಳು ಮಹಾದೇವಮ್ಮ.

‘ಠಾಣೇದಾಗದ.’

ಇಬ್ಬರೂ ಮುಖ ಮುಖ ನೋಡಿಕೊಂಡರು. ಬಂಡಮ್ಮ ಬೇಲಿಯ ಗೇಟು ಸರಿಸಿದಳು. ಎಲೆಗಳ ನಡುವೆ ಏನೋ ಸರಿದಾಡಿತು. ಅವಳು ನಿಂತಳು, ಕಿವಿಗೊಟ್ಟಳು, ಸದ್ದು ಅಡಗುವವರೆಗೆ ಕಾದಳು. ಮೈ ಬೆವರಲಿಲ್ಲ. ಒಳಗೆ ಹೋಗಿ ಮೊದಲ ಗೊನೆಗೆ ಕುಡಗೋಲು ಹಾಕಿದಳು. ಗೊನೆ ಹೆಗಲಿಗೆ ಇಳಿದಾಗ ಹಿಂದೆ ತಿರುಗಿ ನೋಡಿದರೆ, ಇಬ್ಬರೂ ಆಳುಗಳು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನೊಳಗೆ ಬರುತ್ತಿದ್ದರು.